ಕಾಲೇಜು ಕಬಡ್ಡಿಯ ಫೋಟೊ: ಆರುನೂರು ತೆಗೆದರೂ ನಾಲ್ಕೇ ಸ್ಪಷ್ಟವಾಗಿವೆ, ತಪ್ಪು ಎಲ್ಲಿ?

ಹೊಸಬ_ಹಾಸನ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಕ್ರೀಡಾಪುಟಗಳಿಗೆ ಚಿತ್ರ ತೆಗೆಯುವ ಹೊಣೆಯನ್ನು ಈ ವರ್ಷ ನನಗೆ ಒಪ್ಪಿಸಿದ್ದಾರೆ. ಸೋದರಮಾವ ಬಳಸುತ್ತಿದ್ದ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಮತ್ತು ಅದರೊಂದಿಗೆ ಬಂದ 18-55, 55-250 ಎಂಎಂ ಲೆನ್ಸ್‌ಗಳು (ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ನನ್ನ ಬಳಿ ಇವೆ. ಕಳೆದ ಶನಿವಾರ ರಾತ್ರಿ ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಅಂತರ ಕಾಲೇಜು ಕಬಡ್ಡಿ ಪಂದ್ಯಗಳು ನಡೆದವು. ಮೆಟ್ಟಿಲುಗಳ ಮೇಲೆ ಕುಳಿತು, 250ರಲ್ಲಿ ಹತ್ತಿರಕ್ಕೆ ಎಳೆದುಕೊಂಡು ಆರುನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಸ್ಪಷ್ಟವಾಗಿರುವುದು ನಾಲ್ಕೇ, ಆ ನಾಲ್ಕರಲ್ಲೂ ಆಟಗಾರರು ಸುಮ್ಮನೆ ನಿಂತಿದ್ದಾರೆ. ಉಳಿದವುಗಳಲ್ಲಿ ಕೈಕಾಲುಗಳೆಲ್ಲ ಹೊಗೆಯಂತೆ ಹರಡಿಕೊಂಡಿವೆ, ಕೆಲವು ಚಿತ್ರಗಳಲ್ಲಿ ಅಡ್ಡಡ್ಡಕ್ಕೆ ಹಳದಿ ಪಟ್ಟೆಗಳೂ ಬಂದಿವೆ. ಕ್ಯಾಮೆರಾ ತೋರಿಸಿದ ಲೆಕ್ಕ ಹೀಗಿತ್ತು: ಶಟರ್ ತೆರೆದಿದ್ದ ಕಾಲ 1/60 ಸೆಕೆಂಡ್, ಲೆನ್ಸಿನ ಬಾಯಿ ಎಫ್ 5.6 (ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು), ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್‌ಒ 1600. ಹೊಸ ಲೆನ್ಸ್ ಕೊಳ್ಳದೆ ಬೇರೆ ದಾರಿಯೇ ಇಲ್ಲವೇ? ಮುಂದಿನ ವಾರ ಮಹಿಳೆಯರ ಪಂದ್ಯಗಳಿವೆ, ದಯವಿಟ್ಟು ತಿಳಿಸಿ.

ಬೆಳಕಿನ_ಬೇಟೆ:
50 ಎಂಎಂ ಎಫ್ 1.8 ಲೆನ್ಸ್ ಒಂದನ್ನು ಕೊಂಡುಕೊಳ್ಳಿ, ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಒಳಗೆ ಬಿಡುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಅಂದರೆ ಅದೇ ದೀಪ, ಅದೇ ಐಎಸ್‌ಒ ಇಟ್ಟುಕೊಂಡು 1/60ರಿಂದ ಒಮ್ಮೆಗೇ 1/500ಕ್ಕೆ ಹೋಗಬಹುದು. ನಿಮ್ಮ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಂವೇದಕ ಚಿಕ್ಕದಾಗಿದ್ದರೆ ಆ 50, ನೋಟದ ಮಟ್ಟಿಗೆ 80 ಎಂಎಂನಂತೆ ಕೆಲಸ ಮಾಡುತ್ತದೆ, ಕಬಡ್ಡಿ ಅಂಕಣದ ಪಕ್ಕ ಕುಳಿತವರಿಗೆ ಅದು ಹೇಳಿ ಮಾಡಿಸಿದ ದೂರ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಧಾರಾಳವಾಗಿ ತೆಗೆದುಕೊಳ್ಳಿ.

ಡೆಸ್ಕ್_ಮಿತ್ರ:
ಬೆಳಕಿನ ಬೇಟೆಯವರ ಲೆಕ್ಕ ಸರಿ, ಸಲಹೆ ಮಾತ್ರ ಅವಸರದ್ದು. ಜಿಲ್ಲಾ ಪತ್ರಿಕೆಯೊಂದಕ್ಕೆ ಹದಿನಾಲ್ಕು ವರ್ಷ ಕ್ರೀಡೆಯ ಚಿತ್ರ ತೆಗೆದವನು ನಾನು. ಓದುವ ಹುಡುಗನಿಗೆ ಮೊದಲ ಉತ್ತರವಾಗಿಯೇ ಖರ್ಚಿನ ದಾರಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಅವನ ಬಳಿ ಇರುವುದರಲ್ಲೇ ಲೆಕ್ಕ ಹಾಕೋಣ. 55-250 ಲೆನ್ಸನ್ನು 250ಕ್ಕೆ ಎಳೆದಾಗ ಅದರ ಬಾಯಿ ಎಫ್ 5.6ಕ್ಕೆ ಕಿರಿದಾಗುತ್ತದೆ, 55ರಲ್ಲೇ ಇಟ್ಟರೆ ಎಫ್ 4 ಸಿಗುತ್ತದೆ. ಮೆಟ್ಟಿಲು ಬಿಟ್ಟು ಕೆಳಗಿಳಿದು ಅಂಕಣದ ಅಂಚಿಗೆ ಬಂದರೆ 55 ಸಾಕು, ಬೆಳಕು ಅಲ್ಲಿಗೇ ಎರಡು ಪಟ್ಟಾಯಿತು. ಐಎಸ್‌ಒ 1600ರಿಂದ 6400ಕ್ಕೆ ಏರಿಸಿದರೆ ಇನ್ನೂ ನಾಲ್ಕು ಪಟ್ಟು. ಒಟ್ಟು ಎಂಟು ಪಟ್ಟು, ಅಂದರೆ 1/60 ಇದ್ದದ್ದು 1/500ರ ಹತ್ತಿರ ಬಂದು ನಿಲ್ಲುತ್ತದೆ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಚಿತ್ರದಲ್ಲಿ ರವೆ ರವೆ ಕಾಣುತ್ತದೆ ಎಂದು ಹೆದರಬೇಡ ತಮ್ಮಾ, ಸಂಚಿಕೆಯ ಕಾಗದದ ಮೇಲೆ ಅಚ್ಚಾದಾಗ ಆ ರವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕದಲಿ ಕದಡಿದ ಮುಖವನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು, ರವೆ ಕೂತ ಮುಖವನ್ನು ಸಂಪಾದಕರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ.

ಬೆಳಕಿನ_ಬೇಟೆ:
ಹಳೆಯ ಕ್ಯಾಮೆರಾದಲ್ಲಿ 6400 ಇಟ್ಟರೆ ಬಣ್ಣಗಳು ಸಾಯುತ್ತವೆ ಎಂಬುದನ್ನೂ ಹೇಳಬೇಕಲ್ಲವೇ? ಕಪ್ಪು ಜೆರ್ಸಿ ತೊಟ್ಟವರ ಮೇಲೆ ನೇರಳೆ ಚುಕ್ಕೆಗಳು ಮುತ್ತಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಒಂದೇ ಒಂದು ಒಳ್ಳೆಯ ಲೆನ್ಸ್ ಹತ್ತು ವರ್ಷ ಜೊತೆಗಿರುತ್ತದೆ.

ಡೆಸ್ಕ್_ಮಿತ್ರ:
ಸಾಯಲಿ. ಕಪ್ಪು ಬಿಳುಪಿಗೆ ತಿರುಗಿಸಿದರಾಯಿತು. ಹತ್ತು ವರ್ಷದ ಮಾತನ್ನು ಅವನು ದುಡಿಯಲು ತೊಡಗಿದ ಮೇಲೆ ಆಡೋಣ.

ಕರಾವಳಿ_ಶಟರ್:
ಹಳದಿ ಪಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತಿರುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಅರ್ಧ ಚಿತ್ರ ಬೆಳಕು ಏರಿದಾಗ, ಉಳಿದರ್ಧ ಇಳಿದಾಗ ದಾಖಲಾದರೆ ಪಟ್ಟೆ ಮೂಡುತ್ತದೆ. ಶಟರ್ ವೇಗ ಹೆಚ್ಚಿಸಿದಷ್ಟೂ ಈ ತೊಂದರೆ ಹೆಚ್ಚುತ್ತದೆ ಎಂಬುದು ನೆನಪಿರಲಿ, ಏಕೆಂದರೆ 1/500ರಲ್ಲಿ ಚಿತ್ರದ ಪ್ರತಿ ಗೆರೆಗೂ ಸಿಗುವುದು ಆ ಏರಿಳಿತದ ಐದನೆಯ ಒಂದು ಪಾಲು ಮಾತ್ರ. 1/100 ಇಟ್ಟರೆ ಪಟ್ಟೆ ಹೋಗುತ್ತದೆ, ಆದರೆ ರೈಡರ್‌ನ ಕೈ ಹೊಗೆಯಾಗುತ್ತದೆ. 2014ರಲ್ಲಿ ಬಂದ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಕ್ಯಾನನ್ ಇದಕ್ಕೊಂದು ಉಪಾಯ ಕೊಟ್ಟಿತು: ದೀಪ ಪೂರ್ತಿ ಬೆಳಗುವ ಕ್ಷಣಕ್ಕೆ ಕಾದು ಶಟರ್ ಬಿಡುವ ಆ್ಯಂಟಿ ಫ್ಲಿಕರ್ ವ್ಯವಸ್ಥೆ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಅದು ಇದೆಯೇ ನೋಡಿ. ಇಲ್ಲವಾದರೆ ಒಂದೇ ಕ್ಷಣಕ್ಕೆ ನಾಲ್ಕೈದು ಚಿತ್ರಗಳ ಸರಣಿ ಹೊಡೆಯಿರಿ, ಅದರಲ್ಲಿ ಒಂದೆರಡು ಶುದ್ಧವಾಗಿ ಬಂದೇ ಬರುತ್ತವೆ.

ಗುಬ್ಬಿ_ಕ್ಲಿಕ್:
ಫ್ಲ್ಯಾಶ್ ಹಾಕಿದರೆ ಈ ಎಲ್ಲ ಲೆಕ್ಕವೂ ಬೇಡವಲ್ಲ?

ಪಿಇ_ಮೇಷ್ಟ್ರು:
ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾದವನು ನಾನು. ರೈಡ್‌ಗೆ ಇರುವುದೇ ಮೂವತ್ತು ಸೆಕೆಂಡ್. ಆ ಹೊತ್ತಿನಲ್ಲಿ ಕಣ್ಣಿಗೆ ಬೆಳಕು ಹೊಡೆದು, ಎದುರಿನವನು ಕಾಲು ಹಿಡಿಯಲು ಬರುತ್ತಿರುವುದು ಕಾಣದೆ ಹೋದರೆ ಮಂಡಿ ತಿರುಚಿಕೊಳ್ಳುವುದು ಆಟಗಾರನೇ ಹೊರತು ಫೋಟೊ ತೆಗೆಯುವವನಲ್ಲ. ಫ್ಲ್ಯಾಶ್ ಹೊಡೆದವರನ್ನು ನಾನು ಅಂಕಣದಿಂದ ಹೊರಗೆ ಕಳುಹಿಸಿದ್ದುಂಟು.

ಇನ್ನೊಂದು ಮಾತು. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಸಂಘಟಕರನ್ನೂ ಅಂಪೈರನ್ನೂ ಕಂಡು, ತಾನು ಯಾರು, ಎಲ್ಲಿ ಕೂರಲಿ ಎಂದು ಕೇಳುವ ಹುಡುಗನಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಪಂದ್ಯ ಬಿರುಸಾದಾಗ ನಡುವೆ ಎದ್ದು ಓಡಾಡುವವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತದೆ.

ಮಾಜಿ_ರೈಡರ್:
ನೀವೆಲ್ಲ ಯಂತ್ರದ ಮಾತನ್ನೇ ಆಡುತ್ತಿದ್ದೀರಿ, ಆಟದ ಮಾತನ್ನು ಯಾರೂ ಎತ್ತುತ್ತಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಮೂರು ವರ್ಷ ರೈಡ್ ಮಾಡಿದವನು ನಾನು, ಕ್ಯಾಮೆರಾ ಹಿಡಿದದ್ದು ಆಮೇಲೆ. ಕಬಡ್ಡಿಯ ಚಿತ್ರ ಎಂದರೆ ರೈಡರ್ ಒಳಗೆ ಹೋಗುವುದಲ್ಲ, ಅವನು ವಾಪಸು ಬರುವುದು. ಮೂರು ಜನ ಸೊಂಟಕ್ಕೂ ಕಾಲಿಗೂ ಜೋತುಬಿದ್ದಿರುವಾಗ, ಮೈಯನ್ನು ನೆಲಕ್ಕೆ ಚೆಲ್ಲಿ, ಬೆರಳ ತುದಿಯನ್ನಾದರೂ ಮಧ್ಯರೇಖೆಗೆ ಮುಟ್ಟಿಸಲು ಅವನು ಹೆಣಗುವ ಆ ಒಂದು ಕ್ಷಣಕ್ಕಾಗಿಯೇ ಜನ ಎದ್ದು ನಿಲ್ಲುತ್ತಾರೆ. ಆಗ ಅವನ ಮುಖ ತಿರುಗಿರುವುದು ತನ್ನ ಸ್ವಂತ ಅಂಗಳದ ಕಡೆಗೆ. ನೀನು ಪಕ್ಕದ ಮೆಟ್ಟಿಲ ಮೇಲೆ ಕುಳಿತಿದ್ದೆ, ನಿನಗೆ ಸಿಕ್ಕಿದ್ದು ಬೆನ್ನು ಮತ್ತು ಭುಜ.

ಆದ್ದರಿಂದ ರೈಡ್ ಮಾಡುವ ತಂಡದ ಹಿಂದಿನ ಮೂಲೆಯಲ್ಲಿ ಕೂರು, ಔಟಾದವರು ಕೂರುವ ಜಾಗವನ್ನೂ ಲೈನ್ಸ್‌ಮನ್‌ರನ್ನೂ ತಪ್ಪಿಸಿ. ಪುರುಷರ ಅಂಕಣದ ಉದ್ದ 13 ಮೀಟರ್, ಹಾಗಾಗಿ ಮಧ್ಯರೇಖೆ ನಿನ್ನಿಂದ ಆರೇಳು ಮೀಟರ್ ದೂರದಲ್ಲಿರುತ್ತದೆ. ಎದುರು ತಂಡದ ರೈಡರ್ ನಿನ್ನ ಕಡೆಗೇ ನುಗ್ಗಿ ಬಂದಾಗ ರಕ್ಷಕರ ಬೆನ್ನುಗಳು ಅಡ್ಡ ಬರುತ್ತವೆ, ಬರಲಿ, ಆಗ ವಿಶ್ರಾಂತಿ ತೆಗೆದುಕೊ. ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ. ನೀನು ಏಳದೆಯೇ ಎರಡೂ ತಂಡದವರ ಮುಖ ನಿನಗೆ ಸಿಗುತ್ತದೆ.

ಹೊಸಬ_ಹಾಸನ:
ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದೂರದಿಂದ ಎಳೆದುಕೊಳ್ಳುವ ಲೆನ್ಸ್ ಇರುವುದರಿಂದ ದೂರವೇ ಕೂರಬೇಕು ಎಂದುಕೊಂಡಿದ್ದೆ.

ಡೆಸ್ಕ್_ಮಿತ್ರ:
ಮಾಜಿ ರೈಡರ್ ಅವರ ಮಾತಿಗೆ ಒಂದು ಸಾಕ್ಷಿ ಕೊಡುತ್ತೇನೆ. 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ ಊರಿನಲ್ಲಿ ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲೇ ಸನ್ನಿ ಲಿಸ್ಟನ್‌ನನ್ನು ಕೆಡವಿ, ಅವನ ಮೇಲೆ ಕೈ ಮಡಚಿ ಅಬ್ಬರಿಸುತ್ತಿರುವ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದನ್ನು ತೆಗೆದ ನೀಲ್ ಲೈಫರ್‌ಗೆ ಆಗ ವಯಸ್ಸು 22. ಅಲಿಯ ಕಾಲುಗಳ ನಡುವಿನಿಂದ ಆಚೆ ಬದಿಯಲ್ಲಿ ಒಬ್ಬ ಛಾಯಾಗ್ರಾಹಕ ಕಾಣುತ್ತಾನೆ, ಅವನು ಹರ್ಬ್ ಶಾರ್ಫ್‌ಮನ್, ಲೈಫರ್‌ಗಿಂತ ಹಿರಿಯ, ಅನುಭವಿ. ಅವನ ಕೈಯಲ್ಲೂ ಒಳ್ಳೆಯ ಕ್ಯಾಮೆರಾ ಇತ್ತು, ಆ ಕ್ಷಣದಲ್ಲಿ ಅವನಿಗೆ ಕಂಡದ್ದು ಅಲಿಯ ಬೆನ್ನು. ಆದರೆ ಇದರಿಂದ ಕಲಿಯಬೇಕಾದದ್ದು ಅದೃಷ್ಟದ ಮಾತನ್ನಲ್ಲ. ಬಾಕ್ಸಿಂಗ್‌ನಲ್ಲಿ ಯಾವ ಕಡೆ ಬೀಳುತ್ತಾನೆಂದು ಮೊದಲೇ ಹೇಳಲಾಗದು. ಕಬಡ್ಡಿಯಲ್ಲಿ ಹೇಳಬಹುದು, ಏಕೆಂದರೆ ಮಧ್ಯರೇಖೆ ಕದಲುವುದಿಲ್ಲ.

ಕಂಬದ_ಓಟ:
ಖೊ ಖೊ ಇನ್ನೂ ಸುಲಭ. ಬೆನ್ನಟ್ಟುವವಳು ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ, ಕೂತವರ ಸಾಲನ್ನು ದಾಟುವಂತಿಲ್ಲ, ಆಚೆ ಬದಿಗೆ ಹೋಗಬೇಕಾದರೆ ಕಂಬ ಸುತ್ತಲೇಬೇಕು. ಅಂದಮೇಲೆ ಕಂಬದ ಹಿಂದೆ ನಾಲ್ಕೈದು ಹೆಜ್ಜೆ ಬಿಟ್ಟು, ನೆಲಕ್ಕೆ ಹತ್ತಿರ ಕೂತು ಕಾದರೆ ಡೈವ್ ತಾನಾಗಿ ನಿಮ್ಮ ಮುಂದೆಯೇ ಬಂದು ಬೀಳುತ್ತದೆ.

ನಾನು ಈ ಚರ್ಚೆಗೆ ಬಂದದ್ದು ಬೇರೆ ಕಾರಣಕ್ಕೆ. ಪಿಯುಸಿಯಿಂದ ಪದವಿ ಮುಗಿಯುವವರೆಗೆ ಐದು ವರ್ಷ ಖೊ ಖೊ ಆಡಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಅಭ್ಯಾಸಕ್ಕೆ ಹೋಗುತ್ತಿದ್ದೆ. ಇಂದು ನನ್ನ ಬಳಿ ಆ ದಿನಗಳ ಹನ್ನೊಂದು ಫೋಟೊಗಳಿವೆ. ಹನ್ನೊಂದರಲ್ಲೂ ಮುಖ್ಯ ಅತಿಥಿಗಳು ಸಾಲಾಗಿ ನಿಂತ ನಮ್ಮ ಕೈ ಕುಲುಕುತ್ತಿದ್ದಾರೆ, ಇಲ್ಲವೇ ಪಾರಿತೋಷಕ ಕೊಡುತ್ತಿದ್ದಾರೆ. ನಾನು ಓಡುತ್ತಿರುವ ಒಂದೇ ಒಂದು ಚಿತ್ರ ಇಲ್ಲ. ನನ್ನ ಮಗಳು ನೀನು ನಿಜವಾಗಿಯೂ ಆಡುತ್ತಿದ್ದೆಯಾ ಅಮ್ಮಾ ಎಂದು ಕೇಳಿದಾಗ ಮಂಡಿಯ ಮೇಲಿನ ಗಾಯದ ಕಲೆಯನ್ನು ತೋರಿಸಿದೆ. ಹಾಸನದ ತಮ್ಮಾ, ನೀನು ರವೆ ಕೂತ ಚಿತ್ರವನ್ನೇ ತೆಗೆ, ಆದರೆ ಆಡುತ್ತಿರುವವರನ್ನು ತೆಗೆ.

ಪಿಇ_ಮೇಷ್ಟ್ರು:
ತಂಗಿ, ನಿಮ್ಮ ಮಾತು ನನಗೆ ನಾಟಿತು. ಅಂಥ ಸಾಲುಗಳನ್ನು ನಿಲ್ಲಿಸಿದವನು ನಾನೇ. ಅತಿಥಿಗಳು ತಡವಾಗಿ ಬಂದರೆಂದು ನಡೆಯುತ್ತಿದ್ದ ಪಂದ್ಯವನ್ನೇ ತಡೆದು ಫೋಟೊ ತೆಗೆಸಿದ್ದೂ ಇದೆ. ಬಾಡಿಗೆಗೆ ಕರೆಸಿದ ಸ್ಟುಡಿಯೊದವನಿಗೆ ನಾವು ಹೇಳುತ್ತಿದ್ದುದು ವೇದಿಕೆಯ ಚಿತ್ರ ತಪ್ಪಬಾರದು ಎಂದು ಮಾತ್ರ. ಆಟದ ಚಿತ್ರ ಬೇಕು ಎಂದು ಒಮ್ಮೆಯೂ ಹೇಳಲಿಲ್ಲ.

ಬೆಳಕಿನ_ಬೇಟೆ:
ಮುಂದಿನ ವಾರ ಮಹಿಳೆಯರ ಪಂದ್ಯ ಎಂದಿದ್ದೀರಿ, ಒಂದು ಎಚ್ಚರಿಕೆ. ಮೊದಲೇ ತಂಡದ ನಾಯಕಿಯನ್ನೂ ತರಬೇತುದಾರರನ್ನೂ ಕಂಡು, ಚಿತ್ರಗಳು ಎಲ್ಲಿ ಅಚ್ಚಾಗುತ್ತವೆ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಹಿಡಿತದಲ್ಲಿ ಸಿಕ್ಕಿ ಜೆರ್ಸಿ ಸರಿದ ಚಿತ್ರಗಳನ್ನು ಮನೆಗೆ ಬಂದ ಕೂಡಲೇ ಅಳಿಸಿ, ಇಟ್ಟುಕೊಳ್ಳಲೂ ಬೇಡಿ.

ಗುಬ್ಬಿ_ಕ್ಲಿಕ್:
ಆಟದಲ್ಲಿ ನಡೆದದ್ದು ನಡೆದದ್ದೇ ಅಲ್ಲವೇ? ಅಷ್ಟು ಯೋಚಿಸುತ್ತ ಕೂತರೆ ಚಿತ್ರ ತೆಗೆಯಲಾಗುತ್ತದೆಯೇ?

ಕಂಬದ_ಓಟ:
ನಡೆದದ್ದೆಲ್ಲ ಆಟವಲ್ಲ. ಬಟ್ಟೆ ಸರಿದದ್ದು ಆಟದ ಭಾಗವೂ ಅಲ್ಲ, ಫಲಿತಾಂಶದ ಭಾಗವೂ ಅಲ್ಲ. ಅಂಥ ಒಂದು ಚಿತ್ರ ಯಾರದೋ ಮೊಬೈಲಿನಲ್ಲಿ ಓಡಾಡಿದ ಮೇಲೆ ನಮ್ಮ ತಂಡದ ಹುಡುಗಿಯೊಬ್ಬಳನ್ನು ಮನೆಯವರು ಮೈದಾನಕ್ಕೆ ಕಳುಹಿಸುವುದನ್ನೇ ನಿಲ್ಲಿಸಿದರು. ನಮ್ಮ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದವಳು ಅವಳು.

ಕರಾವಳಿ_ಶಟರ್:
ಇದು ನಮ್ಮ ಊರುಗಳ ಮಾತಷ್ಟೇ ಅಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮಹಿಳಾ ಜಿಮ್ನಾಸ್ಟ್‌ಗಳು ಕಣಕಾಲಿನವರೆಗೂ ಮೈ ಮುಚ್ಚುವ ಉಡುಪು ಧರಿಸಿ ಸ್ಪರ್ಧಿಸಿದರು. ಮೈಯನ್ನೇ ಎತ್ತಿ ತೋರಿಸುವ ದೃಶ್ಯಗಳಿಗೆ ಎಡೆ ಕೊಡುವುದಿಲ್ಲ ಎಂದು ಆ ಕೂಟದ ಪ್ರಸಾರ ವ್ಯವಸ್ಥೆಯ ಮುಖ್ಯಸ್ಥರೂ ಹೇಳಿದ್ದರು. ಅಷ್ಟು ದೊಡ್ಡ ಕೂಟದವರು ಯೋಚಿಸುತ್ತಾರೆಂದಾದರೆ ಕಾಲೇಜಿನ ಸಂಚಿಕೆಯವರೂ ಯೋಚಿಸಬಹುದು.

ಗುಬ್ಬಿ_ಕ್ಲಿಕ್:
ಆ ಹುಡುಗಿಯ ವಿಷಯ ಕೇಳಿದ ಮೇಲೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಾಜಿ_ರೈಡರ್:
ಸೋತವರ ಚಿತ್ರದ ಬಗ್ಗೆ ಏನು ಹೇಳುತ್ತೀರಿ? ಫೈನಲ್ ಸೋತು ಟವೆಲ್‌ನಲ್ಲಿ ಮುಖ ಮುಚ್ಚಿ ಅಳುತ್ತಿದ್ದ ನನ್ನ ಚಿತ್ರವನ್ನು ಒಬ್ಬರು ತೆಗೆದರು. ಆಗ ಅವರ ಮೇಲೆ ಕೈ ಎತ್ತುವಷ್ಟು ಕೋಪ ಬಂದಿತ್ತು. ಇಂದು ನನ್ನ ಮನೆಯ ಗೋಡೆಯ ಮೇಲಿರುವುದು ಅದೊಂದೇ.

ಡೆಸ್ಕ್_ಮಿತ್ರ:
ತೆಗೆಯಬೇಕು. ಗೆದ್ದವರೆಲ್ಲ ಒಂದೇ ರೀತಿ ಕೈ ಎತ್ತುತ್ತಾರೆ, ಸೋತವರ ಮುಖ ಒಬ್ಬೊಬ್ಬರದೂ ಬೇರೆ. ಅಂತಿಮ ಸೀಟಿ ಊದಿದ ಮೇಲೆ ಎರಡು ನಿಮಿಷ ಕ್ಯಾಮೆರಾ ಇಳಿಸಬೇಡ.

ಪಿಇ_ಮೇಷ್ಟ್ರು:
ತೆಗೆಯಬಹುದು, ಅಚ್ಚು ಹಾಕುವ ಮುನ್ನ ಕೇಳಬೇಕು. ಹತ್ತೊಂಬತ್ತು ವರ್ಷದ ಮಕ್ಕಳು ಅವರು, ಪತ್ರಿಕೆಯ ಸುದ್ದಿಯಲ್ಲ.

ಡೆಸ್ಕ್_ಮಿತ್ರ:
ಪ್ರತಿಯೊಬ್ಬರನ್ನೂ ಕೇಳುತ್ತ ಹೋದರೆ ಉಳಿಯುವುದು ನಗುಮುಖಗಳ ಪುಟ ಮಾತ್ರ, ಮೇಷ್ಟ್ರೇ. ಈ ವಿಷಯದಲ್ಲಿ ನಿಮ್ಮದೂ ನನ್ನದೂ ಹೊಂದುವುದಿಲ್ಲ.

ಕರಾವಳಿ_ಶಟರ್:
ಫೋಕಸ್ ವಿಷಯ ಬಿಟ್ಟೇಹೋಯಿತು. ಕ್ಯಾನನ್‌ನಲ್ಲಿ ಎಐ ಸರ್ವೊ ಎಂದೂ ನಿಕಾನ್‌ನಲ್ಲಿ ಎಎಫ್-ಸಿ ಎಂದೂ ಇರುವ ವಿಧಾನಕ್ಕೆ ಬದಲಿಸಿಕೊಳ್ಳಿ, ಓಡುವವನ ಹಿಂದೆ ಫೋಕಸ್ ಬಿಡದೆ ಓಡುತ್ತದೆ. ಎಲ್ಲ ಫೋಕಸ್ ಬಿಂದುಗಳನ್ನೂ ಕ್ಯಾಮೆರಾಕ್ಕೆ ಬಿಟ್ಟುಕೊಟ್ಟರೆ ವಾಲಿಬಾಲ್‌ನಲ್ಲಿ ಅದು ಆಟಗಾರನನ್ನು ಬಿಟ್ಟು ನೆಟ್ಟನ್ನೇ ಹಿಡಿಯುತ್ತದೆ, ಆದ್ದರಿಂದ ನಡುವಿನ ಒಂದೇ ಬಿಂದುವನ್ನು ಆರಿಸಿ ಎದೆಯ ಮೇಲಿನ ಸಂಖ್ಯೆಗೆ ಗುರಿಯಿಡಿ. ಪ್ರತಿ ಚಿತ್ರಕ್ಕೂ ಶೀರ್ಷಿಕೆ ಬರೆಯುವಾಗ ಅದೇ ಸಂಖ್ಯೆ ಆಟಗಾರನ ಹೆಸರನ್ನು ಹುಡುಕಿಕೊಡುತ್ತದೆ. ಪಂದ್ಯಕ್ಕೆ ಮುಂಚೆ ಸ್ಕೋರರ್ ಬಳಿಯ ತಂಡದ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಬೆಳಕಿನ_ಬೇಟೆ:
ಕ್ಯಾಮೆರಾ ಏನನ್ನೂ ತಿದ್ದದೆ ಉಳಿಸುವ ರಾ ಕಡತದಲ್ಲೇ ತೆಗೆಯಿರಿ, ಎಲ್‌ಇಡಿಯ ಹಳದಿಯನ್ನು ಆಮೇಲೆ ತಿದ್ದಬಹುದು. ಹಳೆಯ ಕ್ಯಾಮೆರಾದಲ್ಲಿ ಸರಣಿ ಹೊಡೆಯುವಾಗ ದೊಡ್ಡ ರಾ ಕಡತಗಳಿಂದ ಅದರ ತಾತ್ಕಾಲಿಕ ಸ್ಮೃತಿ ಬೇಗ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ, ಅಂಥ ಹೊತ್ತಿನಲ್ಲಿ ಚಿಕ್ಕ ಕಡತವಾದ ಜೆಪೆಗ್‌ಗೆ ಬನ್ನಿ.

ಹೊಸಬ_ಹಾಸನ:
ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮಹಿಳೆಯರ ಪಂದ್ಯಕ್ಕೆ ಮುಂಚಿತವಾಗಿ ಹೋಗಿ ಎರಡೂ ತಂಡಗಳ ನಾಯಕಿಯರನ್ನೂ ಅಂಪೈರ್ ಅವರನ್ನೂ ಕಂಡು ಮಾತಾಡಿದೆ. ಮೂಲೆಯಲ್ಲಿ ಚಕ್ಕಳ ಮಕ್ಕಳ ಹಾಕಿ ಕುಳಿತೆ. 55, ಎಫ್ 4, 1/500, ಐಎಸ್‌ಒ 6400 ಎಂದು ನಾನೇ ಕೈಯಿಂದ ಹೊಂದಿಸಿದೆ. ಈ ಬಾರಿ ತೆಗೆದದ್ದು ಇನ್ನೂರ ಹತ್ತು, ಬಳಸಬಹುದಾದವು ಮೂವತ್ತೊಂದು. ಆ್ಯಂಟಿ ಫ್ಲಿಕರ್ ನನ್ನ ಕ್ಯಾಮೆರಾದಲ್ಲಿ ಇಲ್ಲ. ಪಟ್ಟೆ ಬಂದ ಚಿತ್ರಗಳು ಬಹಳ ಇವೆ, ಆದರೆ ಸರಣಿಯಲ್ಲಿ ಒಂದಾದರೂ ಉಳಿಯುತ್ತದೆ ಎಂದದ್ದು ನಿಜವಾಯಿತು.

ಒಂದು ಚಿತ್ರದಲ್ಲಿ ರೈಡರ್ ಪೂರ್ತಿ ನೆಲಕ್ಕೆ ಒರಗಿದ್ದಾಳೆ, ಇಬ್ಬರು ಅವಳ ಕಾಲು ಹಿಡಿದಿದ್ದಾರೆ, ಬೆರಳು ಮಧ್ಯರೇಖೆಯನ್ನು ಮುಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅಂಪೈರ್ ಔಟ್ ಕೊಟ್ಟರು. ಮರುದಿನ ಅವಳೇ ಹುಡುಕಿಕೊಂಡು ಬಂದು, ಮುಟ್ಟಿದ್ದೇನೆ ನೋಡಿ ಎಂದು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು, ಆಮೇಲೆ ತಂದೆಗೆ ಕಳುಹಿಸಲು ಒಂದು ಪ್ರತಿ ಬೇಕು ಎಂದಳು. ಸಂಚಿಕೆಯ ಸಮಿತಿಯವರು ಕ್ರೀಡೆಗೆ ಎರಡೇ ಪುಟ ಎಂದಿದ್ದರು. ಉದ್ಘಾಟನೆಯ ಚಿತ್ರವನ್ನು ಒಂದಕ್ಕೆ ಇಳಿಸಿ ಈ ಚಿತ್ರಕ್ಕೆ ಅರ್ಧ ಪುಟ ಕೊಡಿ ಎಂದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಮಾಜಿ_ರೈಡರ್:
ಮುಟ್ಟಿದ್ದಾಳೆ. ರೈಡರ್‌ಗೆ ಅದು ಗೊತ್ತಿರುತ್ತದೆ.

ಪಿಇ_ಮೇಷ್ಟ್ರು:
ಅಂಪೈರ್ ತೀರ್ಮಾನವೇ ಅಂತಿಮ. ಆದರೆ ಅರ್ಧ ಪುಟದ ವಿಷಯದಲ್ಲಿ ಸಮಿತಿಯವರು ತಕರಾರು ಮಾಡಿದರೆ ಹೇಳು, ನಿಮ್ಮ ಪ್ರಾಂಶುಪಾಲರಿಗೆ ನಾನೇ ಒಂದು ಪತ್ರ ಬರೆಯುತ್ತೇನೆ.

ಹೊಸಬ_ಹಾಸನ:
ಧನ್ಯವಾದಗಳು ಸರ್. ಮುಂದಿನ ತಿಂಗಳು ಹಗಲಿನಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ಅಥ್ಲೆಟಿಕ್ಸ್ ಇದೆ. ಅಲ್ಲಿಗೂ 1/500 ಸಾಕೇ?

ಕರಾವಳಿ_ಶಟರ್:
ಸಾಲದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ. ಅಷ್ಟು ಸಣ್ಣ ಕಾಲದಲ್ಲೂ ಓಟಗಾರ್ತಿಯ ಮೈ ಮುಂದಕ್ಕೆ ಸಾಗಿರುತ್ತದೆ. ಹಗಲಿನಲ್ಲಿ ಬೆಳಕಿಗೇನೂ ಕೊರತೆಯಿಲ್ಲ, 1/1000ಕ್ಕಿಂತ ಕೆಳಗೆ ಬರಬೇಡಿ. ಹರ್ಡಲ್ಸ್‌ಗೆ ಒಂದು ಹರ್ಡಲ್‌ನ ಪಟ್ಟಿಯ ಮೇಲೆ ಮೊದಲೇ ಫೋಕಸ್ ಕಟ್ಟಿಟ್ಟು ಕಾಯಿರಿ. ಲಾಂಗ್ ಜಂಪ್‌ಗೆ ಮರಳಿನ ಗುಂಡಿಯ ಆಚೆ ತುದಿಯಲ್ಲಿ ನೇರಕ್ಕೆ ಕೂರಿ, ಅಲ್ಲಿಗೆ ನಿಮ್ಮ 250 ಬೇಕಾಗುತ್ತದೆ. ಹನ್ನೊಂದರಿಂದ ಮೂರರವರೆಗೆ ಹುಬ್ಬಿನ ನೆರಳು ಬಿದ್ದು ಕಣ್ಣು ಕಪ್ಪಾಗುತ್ತದೆ, ಮುಖ್ಯ ಚಿತ್ರಗಳನ್ನು ಬೆಳಗಿನ ಸುತ್ತುಗಳಲ್ಲೇ ತೆಗೆದುಕೊಳ್ಳಿ.

ಡೆಸ್ಕ್_ಮಿತ್ರ:
ಮೈದಾನದಲ್ಲಿ ಲೆನ್ಸ್ ಬದಲಿಸಬೇಡ. ಕೆಮ್ಮಣ್ಣಿನ ಧೂಳು ಒಮ್ಮೆ ಒಳಹೊಕ್ಕರೆ ಪ್ರತಿ ಚಿತ್ರದ ಆಕಾಶದಲ್ಲೂ ಕಲೆಯಾಗಿ ಕೂರುತ್ತದೆ. 55-250 ಹಾಕಿಕೊಂಡೇ ಮನೆಯಿಂದ ಹೊರಡು.